ನೀರಿಗಿಳಿಯುವ ತನಕ

ರಿಯೆಕಾದಲ್ಲಿ ಬೂರಾ ಗಾಳಿ ಎದ್ದ ದಿನ
ಕಿಟಕಿಯ ಗಾಜು ರಾತ್ರಿಯೆಲ್ಲ ಹಲ್ಲು ಕಡಿಯುತ್ತದೆ.
ಹಡಗುಕಟ್ಟೆಯ ಕ್ರೇನುಗಳು ಕೈಕಟ್ಟಿ ನಿಂತಿವೆ.
ನಮಗೆ ರಜೆಯಿಲ್ಲ. ಹತ್ತೂವರೆಗೆ ಬಾರ್ತುಲ್,
ಕೆಳದವಡೆ, ಎಡಗಡೆ, ನಡುವಿನಿಂದ ಆರನೆಯದು.

ನಾನು ಲ್ಯೆರ್ಕಾ. ಹೀರುಗೊಳವೆ ಹಿಡಿಯುವವಳು.
ಹದಿನೇಳು ವರ್ಷದಿಂದ ಈ ಊರಿನ ಬಾಯಿಗಳಲ್ಲಿ
ಕೆರೆ ಕೋಡಿ ಬೀಳದಂತೆ ನೋಡಿಕೊಂಡಿದ್ದೇನೆ.

ಡಾಕ್ಟರ್ ತಿಹಾನಾ ಒಸಡು ಬಿಡಿಸಿದರು,
ಬೇರೆಯವರ ಲಕೋಟೆ ತೆರೆಯುವಷ್ಟು ಅಳುಕಿನಿಂದ.
ಒಳಗೆ ಟೈಟಾನಿಯಂ ತಿರುಪು.
ಮೂಳೆಯಲ್ಲಿ ಕತ್ತಿನ ತನಕ ಹೂತಿರಬೇಕಾದದ್ದು
ನಾಲ್ಕು ಸುತ್ತು ಬರಿಮೈಯಲ್ಲಿ ನಿಂತಿದೆ.
ಅದರ ಮೇಲೆ ಅವರು.

ಅವರೆಂದರೆ, ಹೆಸರು ಹಿಡಿದು ಕರೆಯಹೋದರೆ
ನಾಲಿಗೆ ಗಂಟುಬೀಳುವ ಕುಲದವರು.
ಒಬ್ಬೊಬ್ಬರೇ ಬಂದರೆ ಬಡಪಾಯಿಗಳು,
ಒಂದು ಗುಟುಕು ಎಂಜಲಿಗೆ ಕೊಚ್ಚಿಹೋಗುತ್ತಾರೆ.
ಯಾವನೋ ಒಬ್ಬ ಕಾಲೂರಿದ.
ಅವನ ಹೆಗಲು ಹಿಡಿದು ಮತ್ತೊಬ್ಬ.
ಆಮೇಲೆ ಲೋಳೆಯ ಗೋಡೆ, ಲೋಳೆಯ ಸೂರು,
ನೀರು ಬರಲು ಓಣಿ, ಕೊಳೆ ಹೋಗಲು ಮೋರಿ.
ಮನೆ ಕಟ್ಟಿ ನೋಡು ಎಂದು
ಅವರಿಗೆ ಯಾರೂ ಸವಾಲು ಹಾಕಿರಲಿಲ್ಲ.
ಮಾತ್ರೆ ಹೋಗಿ ಬಾಗಿಲು ತಟ್ಟಿತು,
ದಿನಕ್ಕೆ ಮೂರು ಸಲದಂತೆ ಏಳು ದಿನ.
ಒಳಗಿನವರು ಯಾರೂ ಏಳಲಿಲ್ಲ.

ಇನ್ನು ಕೆರೆಯಬೇಕು. ಅಷ್ಟೆ.
ಉಕ್ಕಿನ ಕೊಕ್ಕೆ ಬೇಡ, ಗೀರು ಬೀಳುತ್ತದೆ.
ಗೀರು ಎಂದರೆ ಅವರಿಗೆ ಹೊಸ ಬಡಾವಣೆ.
ಪ್ಲಾಸ್ಟಿಕ್ಕಿನದು ತಾನೇ ಸವೆದು ಚೂರು ಉದುರಿಸುತ್ತದೆ.
ತಿರುಪಿನ ಜಾತಿಯದೇ ಲೋಹದ ಪುಟ್ಟ ಕುಂಚ,
ಹಿಂದೆಯೇ ಹಿಟ್ಟಿಗಿಂತ ನುಣ್ಣನೆಯ ಸಿಹಿಪುಡಿ,
ಅದನ್ನು ಗಾಳಿ ಮತ್ತು ನೀರು ತಳ್ಳುತ್ತವೆ,
ನಾನು ಎಳೆದುಕೊಳ್ಳುತ್ತೇನೆ.

ಒಂದು ಮಾತು ನನಗೆ ಇವತ್ತಿಗೂ ನಗು ತರಿಸುತ್ತದೆ.
ಕಾರ್ಖಾನೆಯಲ್ಲಿ ಈ ತಿರುಪನ್ನು ಆಮ್ಲದಲ್ಲದ್ದಿ
ಬೇಕೆಂತಲೇ ಒರಟು ಮಾಡುತ್ತಾರಂತೆ,
ನುಣುಪಾದರೆ ಮೂಳೆ ಹಿಡಿಯದಂತೆ.
ಮೂಳೆ ಬರಲೆಂದು ತೆರೆದಿಟ್ಟ ಹೊಸ್ತಿಲು.
ಹೊಸ್ತಿಲಿಗೇನು ಗೊತ್ತು, ದಾಟುವವರು ಯಾರೆಂದು.

ಆಗ ನೋಡಿದೆ ಬಾರ್ತುಲ್‌ನ ಬಲಗೈಯನ್ನು.
ಕುರ್ಚಿಯ ತೋಳಿನ ಮೇಲೆ ಅದು ಕೆಲಸ ಮಾಡುತ್ತಿತ್ತು.
ಮಣಿಕಟ್ಟು ತಿರುಗುತ್ತಿತ್ತು, ನೂಕುತ್ತಿತ್ತು,
ತುಸು ನಿಂತು ಮತ್ತೆ ನೂಕುತ್ತಿತ್ತು.
ಮೂವತ್ತೊಂದು ವರ್ಷ ಒಣಕಟ್ಟೆಯಲ್ಲಿ
ಹಡಗುಗಳ ಹೊಟ್ಟೆ ಕೆರೆದವನು ಅವನು.
ಚಿಪ್ಪು, ಪಾಚಿ, ಪಾಚಿಗೂ ಮೊದಲು ಬಂದ ಲೋಳೆ.

ದವಡೆ ಮರಗಟ್ಟಿದೆ. ಮೂಳೆಗೆ ಕಿವಿಯಿದೆ.
ತಟ್ಟನೆ ತೋರುಬೆರಳು ಎತ್ತಿದ.
“ನೋವಾ?” ಎಂದರು ಡಾಕ್ಟರ್.
ಅಲ್ಲ ಎಂದು ಆಡಿಸಿ, ಬೆರಳನ್ನು ಕೆಳಕ್ಕೆ ತೋರಿಸಿದ.
ಕುಂಚ ಒಂದು ಕೂದಲಷ್ಟು ಇಳಿಯಿತು.
ಸದ್ದು ಮಂಕಾಯಿತು; ಈಗ ನನಗೂ ಕೇಳಿಸಿತು.
ಕನ್ನಡಿ ಹಿಡಿದೆವು. ಮೂರನೆಯ ಸುತ್ತಿನ ಅಡಿಮೈ,
ದೀಪ ತಲುಪದ ಮಾಡಿನ ಕೆಳಗೆ
ಬೂದುಬಣ್ಣದ ಒಂದು ಓಣಿ, ಇಡಿಯಾಗಿ.

ಬೆರಳು ಇಳಿಯುವ ತನಕ ಕೆರೆದರು.
ಲೋಹ ಉಂಗುರದಂತೆ ನುಡಿಯಿತಂತೆ. ಅವನ ಮಾತು.

ಹೊಲಿಗೆ ಹಾಕಿದ ಮೇಲೆ, ಅರ್ಧ ತುಟಿಯಲ್ಲಿ:
“ಪೂರ್ತಿ ಹೋಯ್ತಾ?”
“ಕಣ್ಣಿಗೆ ಕಂಡಷ್ಟು. ಮೂಳೆ ಮರಳುತ್ತದೋ ಇಲ್ಲವೋ
ಆರು ತಿಂಗಳಾಗಲಿ.”
ಅವನು ನಕ್ಕ, ಒಂದೇ ಕೆನ್ನೆಯಲ್ಲಿ.
ಕಪ್ತಾನರು ಕೇಳುತ್ತಿದ್ದರಂತೆ ಹೀಗೆಯೇ,
ಅವನೂ ಹೇಳುತ್ತಿದ್ದನಂತೆ:
“ಶುಭ್ರವಾಗಿದೆ ಸ್ವಾಮಿ, ನೀರಿಗಿಳಿಯುವ ತನಕ.”

ಟೋಪಿ ಹಿಡಿದುಕೊಂಡು ಗಾಳಿಗೆ ಬೆನ್ನು ಕೊಟ್ಟು ಹೋದ.
ನಾನು ಹೀರುಗೊಳವೆಯ ಜಾಲರಿ ಬಿಚ್ಚಿ
ಒಳಕ್ಕೆ ಬೆರಳು ಹಾಕಿದೆ, ತೊಳೆಯಲೆಂದು.
ಜಾರಿತು.
ನಿನ್ನೆ ತಾನೆ ತೊಳೆದದ್ದು.