ಒತ್ತಕ್ಷರಕ್ಕೆ ಎಂಟಾಣೆ

ಶಿವರಾಂಪೇಟೆಯ ಗಲ್ಲಿಯಲ್ಲಿ ಬೋರ್ಡು ಬರೆಯುತ್ತಿದ್ದ ಮೊಗಣ್ಣಾಚಾರಿ
ಅಕ್ಷರ ಎಣಿಸಿ ಕಾಸು ಕೇಳುವವರು.
ಒತ್ತಕ್ಷರಕ್ಕೆ ಎಂಟಾಣೆ ಹೆಚ್ಚು.
ಬೇಸಿಗೆ ರಜೆಯಲ್ಲಿ ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದ ನನಗೆ
ಅದೇ ಮೊದಲ ವ್ಯಾಕರಣ.

ಜವಳಿ ಅಂಗಡಿಯವರೊಬ್ಬರು ಚೀಟಿ ಕೊಟ್ಟರು:
‘ಅತ್ಯುತ್ಕೃಷ್ಟ ವಸ್ತ್ರಗಳ ವಿಶ್ವಾಸಾರ್ಹ ಮಳಿಗೆ’.
ಆಚಾರಿ ಬೆರಳು ಮಡಚುತ್ತ ಹೋದರು,
ತುಟಿಯ ಬೀಡಿ ತಾನಾಗಿ ಆರಿತು.
“ಅರ್ಕಾವತ್ತೂ ಸೇರಿ ಏಳು ಒತ್ತು, ಸ್ವಾಮಿ.
‘ಒಳ್ಳೆ ಬಟ್ಟೆ’ ಅನ್ನಿ.
ಎರಡಕ್ಕೇ ಮುಗೀತದೆ.”

ಈಗ ನನ್ನ ಕೆಲಸಕ್ಕೆ ಕಾಪಿರೈಟರ್ ಎಂದು ಹೆಸರು.
“ಕಾಪಿ ಹೊಡೆಯೋದಾ?” ಅನ್ನುತ್ತಾರೆ ಸೋದರತ್ತೆ.
ಮಾವ ಮಾತ್ರ ಇದು ಕೋರ್ಟಿನ ವ್ಯವಹಾರವೆಂದು ತಿಳಿದು
ಗೌರವದಿಂದ ಇನ್ನೊಂದು ಹೋಳಿಗೆ ಬಡಿಸಿದರು.
ತಿದ್ದಲು ಹೋಗಲಿಲ್ಲ.
ತುಪ್ಪವೂ ಹಾಕಿದ್ದರು.

ಮೊದಲ ವರ್ಷ ಬರೆದದ್ದು ಕೂದಲೆಣ್ಣೆಗೆ:
‘ಇಪ್ಪತ್ತೊಂದೇ ದಿನ!’
ಯಾರು ಎಣಿಸುತ್ತಾರೆ ಅಂದುಕೊಂಡಿದ್ದೆ.
ಪಕ್ಕದ ಮನೆಯ ಕನಕಲಕ್ಷ್ಮಮ್ಮ ಎಣಿಸಿದರು,
ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಕೆಳಗೆ,
ಪೆನ್ಸಿಲ್ಲಿನಲ್ಲಿ ಇಪ್ಪತ್ತೊಂದು ಗೀಟು.
ಇಪ್ಪತ್ತೆರಡನೆಯ ಬೆಳಗ್ಗೆ
ತಲೆಯ ಮೇಲೆ ಸೆರಗೆಳೆದುಕೊಂಡು ರಂಗೋಲಿ ಇಡುತ್ತಿದ್ದರು.
ಬರೆದವಳು ನಾನೆಂದು ಅವರಿಗೆ ಇವತ್ತಿಗೂ ತಿಳಿಯದು.
ಗೇಟು ತೆರೆದವಳು
ರಂಗೋಲಿ ತುಳಿಯದಂತೆ ಸುತ್ತಿ ಹೋದೆ.

“ಈ ಲೈನಿನಲ್ಲಿ ಭವಿಷ್ಯ ಇದೆಯಾ ಮೇಡಂ?”
ಕಲಿಯಲು ಬಂದ ಶಶಿರೇಖಾ ಕೇಳುತ್ತಾಳೆ.
ಬಾಡಿಗೆ ಕಟ್ಟಿದ್ದೇನೆ, ಹತ್ತು ವರ್ಷ.
ಊದುಬತ್ತಿ ಕಂಪನಿಯೊಂದು ಮಾತ್ರ
ದುಡ್ಡಿನ ಬದಲು ಆರು ಡಜನ್ ಊದುಬತ್ತಿ ಕಳಿಸಿತು;
ನಮ್ಮ ಮನೆ ದೇವರಿಗೆ ಇನ್ನೂ ಕೆಮ್ಮು.
ಕವಿತೆಯಾಗಿದ್ದರೆ ಕೊನೆಗೊಂದು ಅಂಕಿತ ಹಾಕಬಹುದಿತ್ತು.
ಇಲ್ಲಿ ಆ ಜಾಗದಲ್ಲಿ ನಿವ್ವಳ ತೂಕ ಇರುತ್ತದೆ.

ಮೊನ್ನೆ ಪಾಂಡವಪುರದ ಕಡೆಯ ಆಲೆಮನೆಯ ಕೆಲಸ ಬಂತು.
ಜವನೇಗೌಡರ ಬೆಲ್ಲ ಕಪ್ಪು. ಬಿಳುಪಿನ ಪುಡಿ ಹಾಕುವವರಲ್ಲ.
ಮಂಡ್ಯದ ಅಂಗಡಿಗಳಲ್ಲಿ ಜನ ಮೂಸಿ ನೋಡಿ
ಪಕ್ಕದ ಹಳದಿ ಅಚ್ಚು ಎತ್ತಿಕೊಳ್ಳುತ್ತಾರೆ.
ಮೂರು ದಿನ ಮೈಸೂರಿನ ಕೋಣೆಯಲ್ಲೇ ಕೂತು ಬರೆದೆ,
‘ಪ್ರಕೃತಿಯ ಮಡಿಲಿನಿಂದ’, ‘ಅಜ್ಜಿಯ ಕಾಲದ ರುಚಿ’.
ಹೊಡೆದು ಹಾಕಿದೆ.
ಎಲ್ಲರ ಅಜ್ಜಿಯನ್ನೂ ಯಾರೋ ಆಗಲೇ ಮಾರಿಯಾಗಿದೆ.
ನಾಲ್ಕನೆಯ ದಿನ ಬಸ್ಸು ಹತ್ತಿದೆ.

ಕೊಪ್ಪರಿಗೆಯ ಹಬೆಯೊಳಗೆ ಸಣ್ಣತಾಯಮ್ಮ
ನೊರೆ ಎತ್ತಿ ಎತ್ತಿ ಚೆಲ್ಲುತ್ತಿದ್ದಳು.
“ಇದ್ಯಾಕೆ ಹೀಗೆ ಕಪ್ಪು?” ಎಂದೆ, ಏನೂ ಅರಿಯದವಳ ಹಾಗೆ.
ತಿರುಗಿಯೂ ನೋಡಲಿಲ್ಲ.
“ಮೊಕಕ್ಕೆ ಪೌಡ್ರು ಹಚ್ಚಿಲ್ಲ, ಅದ್ಕೆ.”

ವಾಪಸು ಬಸ್ಸಿನಲ್ಲಿ, ಟಿಕೆಟ್ಟಿನ ಹಿಂಬದಿಗೆ:
ಪೌಡರು ಹಚ್ಚದ ಬೆಲ್ಲ.
ಬೆರಳು ಮಡಚಿದೆ. ಎರಡೇ ಒತ್ತು.
ಆಚಾರಿ ಇದ್ದಿದ್ದರೆ ಬೀಡಿ ಆರುತ್ತಿರಲಿಲ್ಲ.

“ಮೂರು ಪದಕ್ಕೆ ಆರು ಸಾವ್ರವಾ?” ಗೌಡರು ಹೌಹಾರಿದರು.
“ನಮ್ ಸಣ್ಣತಾಯಿ ದಿನಾ ಇಂಥವು ನೂರು ಆಡ್ತಾಳೆ ಕಣವ್ವ!”
ಆಡುತ್ತಾಳೆ. ನೀವು ಕೇಳಿಸಿಕೊಂಡಿದ್ದರೆ
ನನಗೆ ಬಸ್ ಚಾರ್ಜೂ ಕೊಡಬೇಕಿರಲಿಲ್ಲ.
ಎರಡು ಸಾವಿರ ಅವಳ ಕೈಗಿಟ್ಟೆ.
“ಯಾತ್ಕೆ?” “ಮಾತಿಗೆ.”
“ಮಾತ್ಗೂ ಕಾಸಾ!” ನಕ್ಕು,
ಎಣಿಸಿಯೇ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಿನ್ನೆ ಕನಕಲಕ್ಷ್ಮಮ್ಮನ ಚೀಲದಲ್ಲಿ ಆ ಪೊಟ್ಟಣ ಕಂಡೆ.
ಮುಂದೆ ಹಿಂದೆ ತಿರುಗಿಸಿ ಅಕ್ಷರ ಅಕ್ಷರ ಓದಿದ್ದರಂತೆ,
ಚೂರು ಮುರಿದು ಬಾಯಿಗೆ ಹಾಕಿಕೊಂಡಿದ್ದರಂತೆ.
“ಹೇಳಿದ ಹಾಗೇ ಇದೆ ಕಣೇ,” ಎಂದರು.
ನನ್ನ ಎದೆ ಒಂದು ಗಳಿಗೆ ಹೋಳಿಗೆಯಂತೆ ಉಬ್ಬಿತು.
“ಆದ್ರೆ ಶೆಟ್ಟರಂಗಡಿ ತಕ್ಕಡೀಲಿ ತೂಗಿಸ್ದೆ.
ಹತ್ತು ಗ್ರಾಂ ಕಮ್ಮಿ.”

ಗೌಡರಿಗೆ ಫೋನು ಮಾಡುತ್ತಿದ್ದೇನೆ.
ಎತ್ತುತ್ತಿಲ್ಲ.