ಫಾರಂನಲ್ಲಿಲ್ಲದ ಕಾಲಂ

ಮಂಡಿ ಮೊಹಲ್ಲಾದ ಮೂರನೇ ತಿರುವು.
ಬೀಟೆಮರದ ಪುಡಿ ನನ್ನ ಫಾರಂ ಮೇಲೂ ಕೂತಿದೆ.
'ಎಷ್ಟು ಜನ ಕೆಲಸಕ್ಕೆ?'
'ಏಳು. ಎಲ್ಲ ಮನೆಯೋರಿದ್ದ ಹಾಗೆ ಮೇಡಂ,
ನಮಗ್ಯಾಕೆ ವಿಮೆ?
ಪಟಾಕಿ ಮಾಡ್ತೀವಾ, ಬಾವಿ ತೋಡ್ತೀವಾ?
ಮರದಾನೆಗೆ ಪ್ಲಾಸ್ಟಿಕ್ ದಂತ ಕೂರಿಸೋರು ನಾವು.'
ಖಲೀಲ್ ಸಾಬರು ನಕ್ಕು ಚಹಾಕ್ಕೆ ಹೇಳಿದರು.

ಊದುಬತ್ತಿಯವರೂ ಬೆಳಿಗ್ಗೆ ಹೀಗೇ ಅಂದಿದ್ದರು,
ಹಿಟ್ಟಿನ ಗಿರಣಿಯ ಪುಟ್ಟಮಾದಪ್ಪನೂ.
ಅಪಾಯ ಅನ್ನೋದು ಎಲ್ಲರಿಗೂ
ಪಕ್ಕದ ಬೀದಿಯದು.

ಚಹಾ ತಂದ ನಂಜುಂಡಾಚಾರಿ
ಲೋಟ ಹಿಡಿದ ಬಗೆಯೇ ಬೇರೆ:
ಹೆಬ್ಬೆರಳು, ಕಿರುಬೆರಳು,
ನಡುವೆ ಬಯಲು.
'ಗರಗಸ' ಅಂದ, ತನ್ನೂರ ಹೆಸರು ಹೇಳುವಂತೆ.
'ಸಾಬರೇ ಆಸ್ಪತ್ರೆಗೆ ಕಟ್ಟಿದ್ರು,
ಅಮ್ಮಾವ್ರ ಬಳೆ ಅಡ ಇಟ್ಟು.'

ಸಾಬರು ಮಾತಾಡಲಿಲ್ಲ.
ಮೇಜಿನ ಪುಡಿಯಲ್ಲಿ ಬೆರಳಿನಿಂದ
ಏನೋ ಗೆರೆ ಎಳೆದು ಅಳಿಸಿದರು.

ನಾನು ಬರೆದೆ: ಕೆಲಸಗಾರರು, ಏಳು.
ಬೆರಳಿಗೆ ಕಾಲಂ ಇರಲಿಲ್ಲ.
ಸುಮ್ಮನೆ ಕಣ್ಣಲ್ಲೇ ಎಣಿಸುತ್ತ ಹೋದೆ,
ಉಳಿ ಹಿಡಿದವು, ಉಪ್ಪುಕಾಗದ ಉಜ್ಜುವವು,
ಅಂಟು ಮೆತ್ತಿದವು...
ಅರವತ್ತಾರಕ್ಕೆ ಮುಗಿಯಿತು.
ಮತ್ತೊಮ್ಮೆ ಎಣಿಸಿದೆ.

ಗರಗಸ ಅಷ್ಟರಲ್ಲಿ ಶುರುವಾಗಿತ್ತು.
'ಕಂತು ಎಷ್ಟಾಗುತ್ತೆ?' ಅಂದದ್ದು
ಎರಡನೇ ಸಲಕ್ಕೆ ಕೇಳಿಸಿತು.