ರಿವೆಟ್ ಲೆಕ್ಕ

ಇನ್ನೂರ ನಲವತ್ತು ರಿವೆಟ್,
ಯೂನಿಟ್ಟಿನಿಂದ ನಾನೇ ತಂದುಕೊಟ್ಟದ್ದು, ಊಟದ ಡಬ್ಬಿಯ ತಳದಲ್ಲಿ.
ಜೀನ್ಸಿನ ಜೇಬಿಗೆ ಕೂರಬೇಕಾದವು
ದಸ್ತಗೀರನ ಟ್ಯಾಂಕಿನ ಮೈಯೇರಿ ಕೂತವು.

ಮೂರು ವರ್ಷ ಹಿಡಿಯಿತು ಅವನಿಗೆ.
ಅದಿರು ಲಾರಿಯಿಂದ ಬಿಚ್ಚಿದ ಎರಡು ವೈಪರ್ ಮೋಟರು,
ಸೈಕಲ್ ಚೈನಿಗೆ ಒಂದೊಂದೇ ತಗಡು ಬೆಸೆದು ಮಾಡಿದ ಪಟ್ಟಾ,
ತೋಪಿನ ಮೂತಿಗೆ ಹಳೇ ಬೋರಿಂಗಿನ ಕೈ.
ನಿಜದ್ದರ ಐದರಲ್ಲೊಂದು ಪಾಲು, ಅಂದ.
ಅಮ್ಮ ಅಂದಳು: ಅದೇ ದುಡ್ಡಿಗೆ ಒಂದು ಫ್ರಿಜ್ಜು ಬರ್ತಿತ್ತು.

ಕೌಲ್‌ಬಜಾರಿನ ನಮ್ಮ ಓಣಿಯಲ್ಲಿ ಅದು ಮೊದಲ ಸಲ ಹೊರಳಿದಾಗ
ಅಂಗಳಕ್ಕೆ ಹಾಕಿದ್ದ ಮೆಣಸಿನಕಾಯಿ ಎತ್ತಿಕೊಂಡು ಓಡಿದರು.
ನಾಯಿಗಳು ಬೊಗಳಲಿಲ್ಲ, ಹಿಂದೆಹಿಂದೆ ಸರಿದವು.
ಹುಡುಗರೆಲ್ಲ ಒಂದೇ ಮಾತು: ನಂಗ್ ಕೊಡು, ನಂಗ್ ಕೊಡು.

ಆಮೇಲೆ ಬಂದವರು ಸುಂಕಪ್ಪಜ್ಜ,
ರಿಟೈರಾಗಿ ಎಷ್ಟೋ ವರ್ಷ,
ಈಗಲೂ ಚಪ್ಪಲಿಯಲ್ಲ, ಬೂಟೇ.
ಬಗ್ಗಿ, ಮುಚ್ಚಳ ಎತ್ತಿ, ಒಳಗೆ ಕೈ ಬಿಟ್ಟರು,
ಬಾವಿಯಲ್ಲಿ ಬಿದ್ದ ಕೊಡ ಹುಡುಕುವ ಹಾಗೆ.
'ಮಂದಿ ಎಲ್ಲಪ್ಪಾ?' ಅಂದರು.
'ಬ್ಯಾಟರಿ ಐತಜ್ಜಾ.'
'ನಾಲ್ಕು ಮಂದಿ ಇರ್ತಿದ್ವಿ.'

ರಿಮೋಟು ಇಸಿದುಕೊಂಡು
ಟ್ಯಾಂಕಿಗೆ ಬೆನ್ನು ಹಾಕಿ ನಿಂತರು.
ಹೀಗೆಂಗ ಕಾಣ್ತೈತಜ್ಜಾ, ಅಂತ ನಕ್ಕಳು ಪಕ್ಕದ ಮನೆಯ ಹುಡುಗಿ.
'ಒಳಗ ಕುಂತವಗೆ ಎಷ್ಟ್ ಕಾಣ್ತಿತ್ತು ಅಂತೀ?
ಬಳಿ ಅಗಲದ ಒಂದು ಸೀಳು, ಅದರ ತುಂಬ ಧೂಳು.
ಮೇಲಿನವ ಕಿವಿಯಾಗ ಹೇಳಬೇಕು, ನಾ ಹೊಡೀಬೇಕು.
ಜೈತುನ್, ನೀ ಹೇಳವ್ವ.'

ಹೇಳಿದೆ.
ಸ್ವಲ್ಪ ಎಡಕ್ಕೆ. ಇನ್ನೂ ಸ್ವಲ್ಪ. ನೆಟ್ಟಗೆ. ನೆಟ್ಟಗೇ.
ಎಂಬತ್ತರ ಹತ್ತಿರದ ಹೆಬ್ಬೆರಳು
ನನ್ನ ಮಾತು ಮುಗಿಯುವ ಮೊದಲೇ ತಿರುಗುತ್ತಿತ್ತು.
ಗುಡ್ಡದ ಬಂಡೆಯ ಕಾವು ಓಣಿಗಿಳಿಯುವ ಹೊತ್ತು,
ಕೆಂಪು ಧೂಳಲ್ಲಿ ಎರಡು ಏಣಿ ಮಲಗಿಸಿದಂಥ ಗುರುತು,
ನೀರಿನ ಟ್ಯಾಂಕರಿನವನೂ ಇಂಜಿನ್ ಆರಿಸಿ ನೋಡುತ್ತಿದ್ದ.

ಚರಂಡಿ ಕಲ್ಲಿನ ಹತ್ತಿರ
ಯಾರದೋ ಮಗು ಬಿಟ್ಟು ಹೋದ ಚಪ್ಪಲಿ, ಒಂದೇ, ಹಳದಿ.
ನಿಲ್ಲು ಅನ್ನಬೇಕಿತ್ತು.
ಬಾಯಿ ಬರಲಿಲ್ಲ, ಯಾಕೋ.

ಟ್ಯಾಂಕು ನಿಂತಿತು, ಗೇಣು ದೂರದಲ್ಲಿ.

ಅಜ್ಜ ಇನ್ನೂ ಬೆನ್ನು ಹಾಕಿಯೇ ಇದ್ದರು.
'ದನಿ ನಿಂತರ ನಿಲ್ಲಿಸಬೇಕು,' ಅಂದರು,
'ನಾ ಒಂದು ಸಲ ನಿಲ್ಲಿಸಲಿಲ್ಲ.'
ರಿಮೋಟನ್ನು ದಸ್ತಗೀರನಿಗಲ್ಲ, ನನ್ನ ಕೈಗೆ ಕೊಟ್ಟರು,
ಬೆವರಿಗೆ ಒದ್ದೆಯಾಗಿತ್ತು.
ಚಹಾಕ್ಕೂ ನಿಲ್ಲಲಿಲ್ಲ.

ಶನಿವಾರ ಬಟವಾಡೆಯಲ್ಲಿ
ಮೇಸ್ತ್ರಿ ಕನ್ನಡಕ ಏರಿಸಿ ಓದಿದ:
ರಿವೆಟ್ ಕಡಿಮೆ, ಇನ್ನೂರ ನಲವತ್ತು.
ಹಿಡಕೋ ಅಂದೆ.
ಎಲ್ಲಿ ಹೋದವು ಅಂತ ಅವನು ಕೇಳಲಿಲ್ಲ,
ನಾನು ಸಹಿ ಮಾಡಿದೆ.